ಚಂದ್ರನನ್ನು ತಳ್ಳಿಹಾಕುವಂತಿಲ್ಲ

ಜನವರಿ 18

ಬೆಳಿಗ್ಗೆ ಬೆಂಗಳೂರಿನ ಸಂಸ್ಥೆಯಿಂದ ನಿರ್ದೇಶಕರ ಫೋನು. ಕನಕಪುರದ ಕಡೆ ಸೀಗೇದೊಡ್ಡಿ ಎಂಬಲ್ಲಿ ಆಕಾಶದಿಂದ ಕಲ್ಲು ಬಿದ್ದು ಒಬ್ಬ ಸತ್ತಿದ್ದಾನಂತೆ. ಅದು ಉಲ್ಕೆಯೇ ಎಂದು ಪರೀಕ್ಷಿಸಿ ತಿಳಿಸಲು ತಾಲ್ಲೂಕು ಕಚೇರಿ ಕೇಳಿದೆ. ಚನ್ನಪಟ್ಟಣದಲ್ಲಿರುವವರು ನೀವೊಬ್ಬರೇ, ಹೋಗಿ ಬನ್ನಿ ಎಂದರು.

ಇಷ್ಟು ವರ್ಷ ಅಳೆದ ಕಲ್ಲುಗಳೆಲ್ಲ ಬೇರೆಯವರ ಊರಿನಲ್ಲಿ ಬಿದ್ದವು. ಉಲ್ಕೆಗೆ ಬಿದ್ದ ಊರಿನ ಹೆಸರನ್ನೇ ಇಡುವುದು ರೂಢಿ. ಬಸ್ಸಿನಲ್ಲಿ ಕೂತು ಸೀಗೇದೊಡ್ಡಿ ಎಂಬ ಹೆಸರನ್ನು ಒಂದೆರಡು ಸಲ ಹೇಳಿಕೊಂಡದ್ದಾಯಿತು. ಸತ್ತವನ ಹೆಸರು ಆಗ ಗೊತ್ತಿರಲಿಲ್ಲ.

ಅವನ ಹೆಸರು ಉದಯಶಂಕರ್. ಮೂವತ್ತರ ಆಸುಪಾಸು. ಸಂಕ್ರಾಂತಿಯ ಹಿಂದಿನ ಸಂಜೆ ಹುಳುಮನೆಯಲ್ಲಿ ರೇಷ್ಮೆಹುಳುಗಳಿಗೆ ಸೊಪ್ಪು ಹಾಕುತ್ತಿದ್ದಾಗ ಸಿಮೆಂಟ್ ಶೀಟು ಒಡೆದುಕೊಂಡು ಕಲ್ಲು ತಲೆಯ ಮೇಲೆ ಬಿದ್ದಿದೆ. ಅದೇ ಸಂಜೆ ಮಾಗಡಿಯಿಂದ ರಾಮನಗರದವರೆಗೆ ಜನ ಆಕಾಶದಲ್ಲಿ ಬೆಂಕಿಯ ಗೆರೆ ಕಂಡಿದ್ದಾರೆ. ಎಲ್ಲರ ಫೋನಿನಲ್ಲೂ ಅದರ ವಿಡಿಯೊ. ಅದೇ ಸಂಜೆ ಮನೆಯ ಹಿಂದಿನ ಗುಡ್ಡದ ಕ್ವಾರಿಯಲ್ಲಿ ಬಂಡೆಯನ್ನೂ ಸಿಡಿಸಿದ್ದಾರೆ. ಹೆಂಡತಿ ಕವನ ಕ್ವಾರಿಯವರ ಮೇಲೆ ದೂರು ಕೊಟ್ಟಿದ್ದಾಳೆ. ಕಲ್ಲು ಆಕಾಶದ್ದಾದರೆ ದೂರು ಅಲ್ಲಿಗೆ ಮುಗಿಯಿತು. ಗುಡ್ಡದ್ದಾದರೆ ಕ್ವಾರಿಯವರು ಉತ್ತರ ಕೊಡಬೇಕು. ಪ್ರಶ್ನೆ ಇಷ್ಟೇ. ಅಳತೆಗೆ ಸಿಗುವಂಥ ಪ್ರಶ್ನೆ.

ಆದರೆ ಕಲ್ಲು ಆಗಲೇ ದೇವರಾಗಿತ್ತು. ಪೊಲೀಸರು ಬರುವ ಹೊತ್ತಿಗೇ ಸತ್ತವನ ತಂದೆ ರುದ್ರಯ್ಯ ಅದನ್ನು ತೊಳೆದು ನಡುಮನೆಯ ಮಣೆಯ ಮೇಲೆ ಇಟ್ಟುಬಿಟ್ಟಿದ್ದರಂತೆ. ತೆಂಗಿನಕಾಯಿಗಿಂತ ಸ್ವಲ್ಪ ದೊಡ್ಡದು. ಸುತ್ತ ವಿಭೂತಿಯ ದಪ್ಪ ಲೇಪ, ಮೇಲೆ ಬಿಲ್ವಪತ್ರೆ. ಅವರು ಲಿಂಗ ಕಟ್ಟುವವರು, ಅವರಲ್ಲಿ ಸಾವಿಗೆ ಸೂತಕವಿಲ್ಲ. ಪೂಜೆ ಒಂದು ದಿನವೂ ನಿಂತಿಲ್ಲ.

ಪರೀಕ್ಷೆಗೆ ಅಕ್ಕಿಕಾಳಿನಷ್ಟು ಚೂರು ಬೇಕು ಎಂದೆ.

"ಚೂರು ತಗುದ್ರೆ ಭಿನ್ನ ಆಯ್ತದಲ್ಲ ಸಾಹೇಬ್ರೆ," ಎಂದರು ರುದ್ರಯ್ಯ. "ಭಿನ್ನ ಆದದ್ದಕ್ಕೆ ಪೂಜೆ ಇಲ್ಲ. ತಕ್ಕಂಡೋಗಿ ಹೊಳೆಗೆ ಬುಡಬೇಕು, ಅಷ್ಟೇಯ."

"ಅಕ್ಕಿಕಾಳಿನಷ್ಟು ಮಾತ್ರ, ಯಜಮಾನ್ರೆ."

"ಕಣ್ಣ ಗುಡ್ಡೇಲಿ ಅಕ್ಕಿಕಾಳಷ್ಟು ಕಿತ್ರೆ ಕೂಸು ಕುರುಡಾಗಾಕಿಲ್ವಾ?"

ಬಾಗಿಲ ಹಿಂದೆ ನಿಂತು ಕವನ ನೋಡುತ್ತಿದ್ದಳು. ಕಾಫಿ ಬಂತು. ಮನೆಯವರು ಕುಡಿಯುವ ಸ್ಟೀಲ್ ಲೋಟದಲ್ಲೇ ಬಂತು.

ಜನವರಿ 19

ಮನೆಯ ಮಾತು ಉರ್ದು. ಹೆಂಡತಿ ಜಹೀದಾ ಹೇಳಿದ್ದನ್ನು ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ.

"ನಿಮ್ಮ ಆಫೀಸಿನಲ್ಲಿ ಅಷ್ಟು ಜನ ಇದ್ದಾರೆ. ಅವರ ದೇವರಿಂದ ಚೂರು ಕೇಳೋದಕ್ಕೆ ಸಮದ್ ಅನ್ನೋನೇ ಬೇಕಿತ್ತಾ?"

"ಹೋಗಿದ್ದು ಸಮದ್ ಅಲ್ಲ. ಸಂಸ್ಥೆ."

"ಹೌದಾ? ಹಾಗಾದರೆ ರಾಮನಗರದಲ್ಲಿ ಬಸ್ಸು ಕೆಟ್ಟು ನಿಂತಾಗ ನನಗೆ ಫೋನ್ ಮಾಡಿದ್ದು ಸಂಸ್ಥೆನಾ?"

ಮದುವೆಯಾದ ದಿನದಿಂದ ಅವಳ ಜೊತೆ ವಾದದಲ್ಲಿ ಗೆದ್ದಿಲ್ಲ.

ಅಳತೆಯ ವಿಷಯ ಅವಳಿಗೆ ವಿವರಿಸಲು ನೋಡಿದೆ. ಕಲ್ಲಿನೊಳಗೆ ಆಮ್ಲಜನಕವಿದೆ. ಅದರ ಪರಮಾಣುಗಳಲ್ಲಿ ಮೂರು ತೂಕದವು. ಚೂರನ್ನು ಲೇಸರಿನಿಂದ ಸುಟ್ಟು ಆ ಅನಿಲವನ್ನು ಬಿಡಿಸಿ, ನಿರ್ವಾತದಲ್ಲಿ, ಕಾಂತದ ನಡುವೆ ಓಡಿಸಬೇಕು. ಹಗುರವಾದವು ಹೆಚ್ಚು ಬಾಗುತ್ತವೆ, ಭಾರವಾದವು ಕಡಿಮೆ. ಎಲ್ಲಿ ಎಷ್ಟು ಬಿದ್ದವು ಎಂದು ಎಣಿಸುವುದೇ ಮಾಸ್ ಸ್ಪೆಕ್ಟ್ರೋಮೀಟರಿನ ಕೆಲಸ. ಮೂರರ ಪ್ರಮಾಣವನ್ನು ಹೋಲಿಸಿದರೆ ಭೂಮಿಯ ಕಲ್ಲುಗಳೆಲ್ಲ ಒಂದೇ ಗೆರೆಯ ಮೇಲೆ ಕೂರುತ್ತವೆ. ಮಂಗಳದ ಕಲ್ಲು ಗೆರೆಗಿಂತ ಮೇಲಕ್ಕೆ. ಕ್ಷುದ್ರಗ್ರಹಗಳವು ಕೆಲವು ಗೆರೆಗಿಂತ ಮೇಲೆ, ಕೆಲವು ಕೆಳಗೆ. ಹುಟ್ಟಿದ ಜಾಗವನ್ನು ಕಲ್ಲು ಬಚ್ಚಿಡಲಾರದು.

"ಮನುಷ್ಯರಿಗೂ ಅಂಥದ್ದೊಂದು ಗೆರೆ ಇಟ್ಟುಕೊಂಡಿದ್ದಾರೆ," ಎಂದಳು ಜಹೀದಾ, ಅಕ್ಕಿ ಆರಿಸುತ್ತ.

ಜನವರಿ 21

ರೈಲಿಗೆ ಕಾಯುತ್ತಿದ್ದಾಗ ಒಬ್ಬ ಎರಡು ಟೀ ಹಿಡಿದು ಪಕ್ಕದಲ್ಲಿ ಕೂತ. ಮುನಿಯಪ್ಪ. ಸೀಗೇದೊಡ್ಡಿ ಕ್ವಾರಿಯನ್ನು ನೋಡಿಕೊಳ್ಳುವವನು.

"ನಿಮ್ ತಂದೆಯೋರು ಗೊಂಬೆ ಮಾಡ್ತಿದ್ರಂತೆ ಸಾರ್. ನಮ್ ಮಕ್ಳೆಲ್ಲ ಅದ್ರಲ್ಲೇ ಆಡ್ಕಂಡ್ ಬೆಳ್ದವು. ಕುಡೀರಿ, ಸಕ್ಕರೆ ಒಸಿ ಕಮ್ಮಿ ಹಾಕ್ಸಿವ್ನಿ."

ಕುಡಿದೆ.

"ಅಳೀರಿ ಸಾರ್, ಎಷ್ಟು ಬೇಕಾದ್ರೂ ಅಳೀರಿ. ಸುಳ್ಳು ಬರೀರಿ ಅಂತ ಯಾವನಾದ್ರೂ ಅಂದಾನಾ? ಒಡಿಯೋದು ಮಾತ್ರ ಬ್ಯಾಡ. ಕಾಲ ಸರಿಯಿಲ್ಲ. ಆ ಕೆಲ್ಸ ನಿಮ್ ಕೈಲಿ ಆಗೋದು ಬ್ಯಾಡ, ಅಷ್ಟೇಯ. ನಿಮ್ಮಂತ ಒಳ್ಳೇರಿಗೆ ಏನಾದ್ರೂ ಆದ್ರೆ ನಂಗೆ ಬೇಜಾರಾಯ್ತದೆ."

ರೈಲು ಬಂತು. ಅವನೇ ನನ್ನ ಬ್ಯಾಗು ಎತ್ತಿಕೊಟ್ಟ. ಮಾತಿನಲ್ಲಿ ತಪ್ಪು ಹುಡುಕಿದರೆ ಒಂದೂ ಸಿಗುವುದಿಲ್ಲ.

ಜನವರಿ 23

ಸಂಜೆ ಕವನ ಮನೆಗೇ ಬಂದಳು. ವಿಳಾಸ ಯಾರು ಕೊಟ್ಟರೋ. ಪ್ಲಾಸ್ಟಿಕ್ ಕವರಿನಲ್ಲಿ ಒಂದು ಟವಲು.

"ಅವ್ರು ತಲೆಗೆ ಸುತ್ಕಂಡಿದ್ದುದು ಸಾರ್. ಒಗೆದಿಲ್ಲ. ಒಳಗೆ ಒಂದು ಚೂರೈತೆ, ನೋಡಿ."

ರಕ್ತ ಒಣಗಿ ಬಟ್ಟೆ ರಟ್ಟಿನಂತಾಗಿತ್ತು. ಮಡಿಕೆಯಲ್ಲಿ ಮೆಣಸಿನಕಾಳಿನಷ್ಟು ಕಪ್ಪು ಚೂರು. ಇಕ್ಕಳದಲ್ಲಿ ತೆಗೆದು ಸೀಸೆಗೆ ಹಾಕಿದ್ದಾಯಿತು.

"ಇದು ಅದೇ ಕಲ್ಲಿನದು ಅಂತ ಹೇಗೆ ಹೇಳೋದಮ್ಮ?" ಎಂದೆ.

"ಇನ್ಯಾವ ಕಲ್ಲು ಬಿತ್ತು ಸಾರ್ ಅವ್ರ ತಲೆ ಮ್ಯಾಲೆ?"

ಮಾವನಿಗೆ ಗೊತ್ತೇ ಎಂದು ಕೇಳಿದೆ. ತಲೆಯಾಡಿಸಿದಳು, ಇಲ್ಲವೆಂದು. "ಮಾವ ನಂಜೊತೆ ಮಾತಾಡಲ್ಲ. ಅದ್ರ ಜೊತೇಲೆ ಮಾತಾಡ್ತರೆ. ಶಿವ ನನ್ನ ಮಗುನ್ನ ಕರ್ಕಂಡ ಅಂತರೆ. ನನ್ ಗಂಡ ದೇವ್ರ ಪಾದ ಸೇರಿದ್ರೆ ಸಂತೋಸವೇ ಸಾರ್. ಕ್ವಾರಿಯೋರು ಕೊಂದಿದ್ರೆ ಅದ್ನೂ ದೇವ್ರ ಲೆಕ್ಕಕ್ಕೇ ಬರೀಬೇಕಾ?"

ಜಹೀದಾ ನೀರು ತಂದವಳು ಅವಳ ಪಕ್ಕದಲ್ಲೇ ಕೂತುಬಿಟ್ಟಳು. ಭಾಷೆ ಸರಿಯಾಗಿ ಸೇರದ ಇಬ್ಬರು ಬಹಳ ಹೊತ್ತು ಕೂತಿದ್ದರು. ಕವನ ಹೋದ ಮೇಲೆ ಜಹೀದಾ ಹೇಳಿದ್ದು ಒಂದೇ ಮಾತು: "ಅಳೆಯಿರಿ."

ಜನವರಿ 27

ಗೊತ್ತಿರುವ ಕಲ್ಲನ್ನು ಮೊದಲು ಅಳೆಯುವುದು ಪದ್ಧತಿ. ಯಂತ್ರ ಅದರ ವಿಷಯದಲ್ಲಿ ಸರಿಯಾಗಿ ಹೇಳಿದರೆ ಮಾತ್ರ ಗೊತ್ತಿಲ್ಲದ್ದನ್ನು ಇಡಬೇಕು. ಸರಿಯಾಗಿಯೇ ಹೇಳಿತು. ಚೂರಿನ ಒಂದು ತುಣುಕು ಇಡಲಾಯಿತು. ಲೇಸರ್ ತಾಗಿದಾಗ ಒಂದು ಕ್ಷಣ ಬೆಳ್ಳಗೆ ಉರಿದು ಮಣಿಯಾಯಿತು.

ಗೆರೆಯ ಮೇಲೆ. ಭೂಮಿಯ ಗೆರೆಯಿಂದ ಎತ್ತಲೂ ಸರಿದಿಲ್ಲ.

ಮತ್ತೊಂದು ತುಣುಕು. ಗೆರೆಯ ಮೇಲೆ. ಮೂರನೆಯದೂ ಹಾಗೆಯೇ. ಎರಡು ಸಲ ಸಾಕಿತ್ತು; ಮೂರನೆಯದು ಯಾಕೆಂದು ಪಕ್ಕದ ಟೇಬಲ್ಲಿನವರು ಕೇಳಿದರು. ಸೀಗೇದೊಡ್ಡಿ ಎಂಬ ಉಲ್ಕೆ ಇಲ್ಲ.

ಆದರೆ ಎರಡು ಮಾತು ಬಾಕಿ. ಹುಳುಮನೆಯ ಕಂಬಗಳೂ ಕಲ್ಲಿನವೇ. ಚೂರು ಅವುಗಳದ್ದೂ ಆಗಿರಬಹುದು. ಮತ್ತೆ ಚಂದ್ರ. ಚಂದ್ರನೂ ಭೂಮಿಯ ಗೆರೆಯ ಮೇಲೆಯೇ ಇದ್ದಾನೆ. ಭೂಮಿಗೆ ಏನೋ ಬಂದು ಬಡಿದಾಗ ಸಿಡಿದು ಹೋದದ್ದೇ ಚಂದ್ರನಾಯಿತು ಎನ್ನುತ್ತಾರೆ. ಚಂದ್ರನ ಕಲ್ಲು ಭೂಮಿಗೆ ಬೀಳುವುದು ತೀರ ಅಪರೂಪ, ಬಿದ್ದರೆ ಬೇರೆ ಪರೀಕ್ಷೆಗಳಲ್ಲಿ ತಿಳಿಯುತ್ತದೆ. ಅದಕ್ಕೆ ದೊಡ್ಡ ಚೂರು ಬೇಕು. ಇರುವ ಚೂರು ಸುಟ್ಟಾಯಿತು.

ಜನವರಿ 28

ಮತ್ತೆ ಸೀಗೇದೊಡ್ಡಿಗೆ. ಕಲ್ಲನ್ನು ಬರಿಗಣ್ಣಿನಿಂದಲಾದರೂ ನೋಡೋಣವೆಂದು. ರುದ್ರಯ್ಯ ಅಭಿಷೇಕಕ್ಕೆ ಕೂತಿದ್ದರು. ಬನ್ನಿ, ಅಲ್ಲೇ ಕೂತ್ಕಳಿ, ಎಂದರು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಕವನ ತೋಟಕ್ಕೆ ಹೋಗಿದ್ದಳು.

ತಂಬಿಗೆಯ ನೀರು ಬಿದ್ದಂತೆ ವಿಭೂತಿ ಕರಗಿ ಹರಿಯಿತು. ಕರಿಕಲ್ಲು. ಇತ್ತಲಿನ ಗುಡ್ಡಗಳ ನಡುವೆ ಪಟ್ಟೆಪಟ್ಟೆಯಾಗಿ ಓಡುವ, ಲಾರಿಗಳಲ್ಲಿ ಪರದೇಶಕ್ಕೆ ಹೋಗುವ ಅದೇ ಕರಿಕಲ್ಲಿನ ಹಾಗೆ. ರುದ್ರಯ್ಯ ಅದನ್ನು ಮಣೆಯ ಮೇಲೆ ನಿಧಾನವಾಗಿ ತಿರುಗಿಸಿದರು. ಹಿಂಬದಿಯಲ್ಲಿ ನೆಟ್ಟಗೆ ಒಂದು ತೋಡು. ಅರ್ಧ ಕೊಳವೆಯಂತೆ, ನುಣ್ಣಗೆ. ಬಂಡೆ ಸಿಡಿಸುವ ಮದ್ದು ತುಂಬಲು ಡ್ರಿಲ್ ಹೊಡೆದ ತೂತಿನ ಅರ್ಧ. ಇನ್ನರ್ಧ ಗುಡ್ಡದಲ್ಲಿದೆ.

ಅವರು ತಮ್ಮ ಹೆಬ್ಬೆರಳನ್ನು ಆ ತೋಡಿನಲ್ಲಿಟ್ಟು ಮೇಲಿನಿಂದ ಕೆಳಗೆ ತಂದರು. ಮತ್ತೆ ಮೇಲಿನಿಂದ. ನನ್ನ ಕಡೆ ನೋಡಿದರು. ನಾನು ತಂಬಿಗೆಯ ಕಡೆ ನೋಡಿದೆ.

ಆಮೇಲೆ ವಿಭೂತಿ ಕಲಸಿ, ತೋಡನ್ನು ಮೊದಲು ತುಂಬಿ, ಉಳಿದದ್ದನ್ನು ಸುತ್ತ ಬಳಿದರು.

ಸುಮ್ಮನಿರು ಎಂದು ಬೇಡುತ್ತಿದ್ದಾರೆ ಎಂದುಕೊಂಡೆ. ಎದ್ದು ಬಂದೆ.

ಜನವರಿ 30

ವರದಿ ಕಳಿಸಲಾಯಿತು. ಕೊನೆಯ ಮೂರು ವಾಕ್ಯ:

ಮಾದರಿಯು ಭೂಮಿಯ ಗೆರೆಯ ಮೇಲಿದೆ. ಮಾದರಿಯು ಸದರಿ ಕಲ್ಲಿನದೇ ಎಂದು ಖಚಿತಪಡಿಸಲಾಗಿಲ್ಲ. ಚಂದ್ರಮೂಲವನ್ನು ತಳ್ಳಿಹಾಕುವಂತಿಲ್ಲ.

ಮೂರೂ ನಿಜ. ಯಂತ್ರ ಕಂಡದ್ದನ್ನು ಬರೆಯಲಾಗಿದೆ. ಮನೆಯೊಂದರ ನಡುಮನೆಯಲ್ಲಿ, ಪೂಜೆಯ ಹೊತ್ತಿನಲ್ಲಿ, ಅಕಸ್ಮಾತ್ತಾಗಿ ಕಣ್ಣಿಗೆ ಬಿದ್ದದ್ದು ಮಾಪನವಲ್ಲ. ಅದಕ್ಕೆ ಪದ್ಧತಿಯಿಲ್ಲ, ದೋಷದ ಅಂದಾಜಿಲ್ಲ.

ಜಹೀದಾ ಏನು ಬಂತೆಂದು ಕೇಳಿದಳು. ಖಚಿತವಾಗಿ ಹೇಳಲಾಗದು ಎಂದೆ.

"ನಿಮಗಾ, ಯಂತ್ರಕ್ಕಾ?"

ಫೆಬ್ರವರಿ 9

ಬೇರೆ ಮಾದರಿಗಳ ಕೆಲಸ. ನಿದ್ದೆ ಸರಿಯಿಲ್ಲ. ನಿರ್ವಾತದ ಪಂಪು ಕೂಡ ಸದ್ದು ಮಾಡುತ್ತಿದೆ. ಸೋರಿಕೆ ಎಲ್ಲೋ ಇದೆ, ಸಿಗುತ್ತಿಲ್ಲ.

ಫೆಬ್ರವರಿ 15

ಕನಕಪುರದ ಬಸ್ ನಿಲ್ದಾಣದ ಎದುರು ದೊಡ್ಡ ಫ್ಲೆಕ್ಸು. ನೀಲಿ ಆಕಾಶ, ಪೂರ್ಣಚಂದ್ರ, ನಡುವೆ ವಿಭೂತಿ ಬಳಿದ ಆ ಕಲ್ಲು. ಶ್ರೀ ಚಂದ್ರಮೌಳೇಶ್ವರ ಸ್ವಾಮಿ. ಕೆಳಗೆ: ಚಂದ್ರಲೋಕದಿಂದ ಇಳಿದು ಬಂದದ್ದೆಂದು ವಿಜ್ಞಾನಿಗಳೇ ಒಪ್ಪಿರುವ ಉದ್ಭವಲಿಂಗ. ಮೂಲೆಯಲ್ಲಿ ಕೈ ಮುಗಿದ ಮುನಿಯಪ್ಪ. ರುದ್ರಯ್ಯನವರ ಹೊಲದ ಬದುವಿನಲ್ಲಿ ಕ್ವಾರಿಯವರೇ ಗುಡಿ ಕಟ್ಟಿಸಿಕೊಡುತ್ತಿದ್ದಾರಂತೆ.

ಪಕ್ಕದಲ್ಲಿ ನಿಂತ ಇಬ್ಬರು ಅದನ್ನು ಓದುತ್ತಿದ್ದರು.

"ಚಂದ್ರನಿಂದ ಇಲ್ಲಿಗಂಟ ಬಂದೈತೆ ಕಣ್ಲಾ."

"ನಮ್ಮೂರ್ಗೆ ಬಸ್ಸೇ ಬರಾಕಿಲ್ಲ, ಬುಡ್ಲಾ."

ನಗು ಬಂತು. ಆಮೇಲೆ 'ವಿಜ್ಞಾನಿಗಳೇ' ಎಂಬ ಪದವನ್ನು ಇನ್ನೊಂದು ಸಲ ಓದಿದೆ.

ಫೆಬ್ರವರಿ 26

ಶಿವರಾತ್ರಿ. ಇವತ್ತು ಪ್ರತಿಷ್ಠಾಪನೆ. ಆಹ್ವಾನ ಪತ್ರಿಕೆ ಮನೆಗೂ ಬಂದಿತ್ತು, ಗಣ್ಯರ ಹೆಸರಿನ ಸಾಲಿನಲ್ಲಿ ನನ್ನ ಸಂಸ್ಥೆಯ ಹೆಸರು. ಹೋಗಲಿಲ್ಲ.

ಕವನಳ ದೂರನ್ನು ಮುಕ್ತಾಯ ಮಾಡಿದ್ದಾರೆಂದು ತಾಲ್ಲೂಕು ಕಚೇರಿಯ ಗುಮಾಸ್ತ ತಿಳಿಸಿದ. ಪ್ರಕೃತಿ ವಿಕೋಪ. "ನಿಮ್ ರಿಪೋರ್ಟಿಂದ ಬಾಳ ಸುಲಭ ಆಯ್ತು ಸಾರ್," ಎಂದ.

ಮಾರ್ಚ್ 6

ಮಧ್ಯಾಹ್ನ ರುದ್ರಯ್ಯ ಬಂದರು. ಬಾಗಿಲಲ್ಲೇ ಚಪ್ಪಲಿ ಬಿಟ್ಟು ಗೋಡೆಗೊರಗಿ ಕೂತರು. ರಂಜಾನಿನ ಉಪವಾಸ, ಮನೆಯಲ್ಲಿ ಒಲೆ ಹಚ್ಚಿರಲಿಲ್ಲ. ಜಹೀದಾ ಅವರಿಗೆಂದೇ ಟೀ ಮಾಡಿದಳು. ನೀವು ಉಪಾಸ ಇರುವಾಗ ನಂಗೂ ಬ್ಯಾಡವ್ವ ಎಂದರು.

"ಯಾಕೆ ಬರೀಲಿಲ್ಲ ಸಾಹೇಬ್ರೆ?"

ಏನನ್ನು ಎಂದು ಕೇಳಿದೆ.

"ಅವತ್ತು ತೋರಿಸ್ದೆನಲ್ಲ. ನೀವು ನೋಡಿದ್ರಿ. ನೋಡ್ಲಿಲ್ಲ ಅಂತ ಮಾತ್ರ ಅನ್ನಬ್ಯಾಡಿ."

"ಸುಮ್ಮನಿರಿ ಅಂತ ಹೇಳ್ತಿದ್ದೀರಿ ಅಂದುಕೊಂಡೆ."

"ಅಯ್ಯೋ ಶಿವನೆ," ಎಂದು ಹಣೆ ಹಿಡಿದುಕೊಂಡರು. "ಒಂದೇ ಒಂದು ದಿನ ಬಿಡದೆ ಕಾದ್ನಲ್ಲ, ಇವತ್ತು ಬರೀತಾರೆ, ನಾಳೆ ಬರೀತಾರೆ ಅಂತ. ಕ್ವಾರಿಗೆ ಒಪ್ಪಿಗೆ ಕೊಟ್ಟೋನು ನಾನು ಸಾಹೇಬ್ರೆ. ಹೊಲದ ಬದೀಗಂಟ ಸಿಡಿಸ್ಕಳಿ ಅಂದ್ಬುಟ್ಟೆ. ಮಗ ಬ್ಯಾಡ ಅಂದಿದ್ದ. ಕಲ್ಲು ಎತ್ತಿ ತೊಳಿಯೋವಾಗ ಬೆರಳು ಆ ತೋಡಿಗೆ ಹೋಯ್ತು. ಮೊದ್ಲು ಮುಚ್ಚಾಕ್ದೆ. ಆಮ್ಯಾಲೆ ತಡಿಯಕ್ಕಾಗ್ಲಿಲ್ಲ. ನಮ್ಮೋರಿಗೆ ತೋರ್ಸಿದ್ರೆ ಯಾರೂ ನೋಡಾಕಿಲ್ಲ, ಕೈ ಮುಗ್ದ್ಬುಡ್ತಾರೆ. ನೀವು ಕೈ ಮುಗಿಯಾಕಿಲ್ಲ, ನೋಡ್ತೀರ ಅಂತ ತೋರಿಸ್ದೆ."

ಮಿಕ್ಕದ್ದನ್ನೂ ಅವರೇ ಹೇಳಿದರು.

ಈಗ ಕಲ್ಲು ಪಾಣಿಪೀಠದಲ್ಲಿದೆ. ತೋಡಿರುವ ಕಡೆಯನ್ನೇ ಒಳಗೆ ಮಾಡಿ ಅಷ್ಟಬಂಧದ ಅಂಟು ಹಾಕಿ ಬಿಗಿದಿದ್ದಾರೆ. ಕೂರಿಸುವಾಗ ಮುನಿಯಪ್ಪನೇ ನಿಂತು, ಇತ್ತ ತಿರುಗ್ಸಿ, ಇನ್ನೊಸಿ, ಎಂದು ಹೇಳಿದನಂತೆ. ನಿನ್ನೆಯಿಂದ ಮತ್ತೆ ಬಂಡೆ ಸಿಡಿಸಲು ಶುರು ಮಾಡಿದ್ದಾರೆ. ಈ ಸಲ ಕವನ ಹುಳುಮನೆಯಲ್ಲಿದ್ದಾಗ ಶೀಟಿನ ಮೇಲೆ ಜಲ್ಲಿ ಬಿತ್ತಂತೆ.

"ಬಂದು ಹೇಳ್ತೀರಾ, ಇಲ್ವಾ?" ಎಂದರು.

ನಾನು ಷರಟು ಹಾಕಿಕೊಂಡೆ.

ಮಾರ್ಚ್ 8

ಠಾಣೆ. ಇನ್ಸ್‌ಪೆಕ್ಟರು ರುದ್ರಯ್ಯನವರೂ ನಾನೂ ಮೊನ್ನೆ ಬರೆಸಿದ್ದ ಹೇಳಿಕೆಗಳನ್ನು ಓದಿ ಪೆನ್ನು ಕೆಳಗಿಟ್ಟರು.

"ಇದೇ ಮಾತು ಜನವರೀಲಿ ಹೇಳಿದ್ರೆ ಏನಾಗ್ತಿತ್ತು ಸಾರ್? ಈಗ ದೇವಸ್ಥಾನ. ಕಲ್ಲು ನೋಡ್ದೆ ಕೇಸು ನಿಲ್ಲಲ್ಲ. ಅದನ್ನ ಕೀಳೋರು ಯಾರು? ನಮ್ ಕಾನ್‌ಸ್ಟೇಬಲ್‌ಗಳು ಒಬ್ಬರೂ ಕೈ ಹಾಕಲ್ಲ."

"ಗುಡಿ ಇರೋದು ನನ್ನ ಹೊಲ್ದಾಗೆ," ಎಂದರು ರುದ್ರಯ್ಯ. "ಕೂರಿಸಿದ್ದೂ ನಾನೇ. ನಾನೇ ತಗೀತೀನಿ."

"ಭಿನ್ನ ಆಗುತ್ತಲ್ಲ ಯಜಮಾನ್ರೆ."

"ನನ್ ಮಗನ ತಲೆ ಭಿನ್ನ ಆಗೋಯ್ತಲ್ಲ ಸ್ವಾಮಿ."

ಮಾರ್ಚ್ 12

ಬೆಳಿಗ್ಗೆ ಎಲ್ಲರೂ ಇದ್ದರು. ಇನ್ಸ್‌ಪೆಕ್ಟರು, ಪಂಚರು, ಊರಿನವರು. ಮುನಿಯಪ್ಪ ದೂರದಲ್ಲಿ ಜೀಪಿಗೆ ಒರಗಿದ್ದ, ಇವತ್ತು ನಮಸ್ಕಾರ ಮಾಡಲಿಲ್ಲ. ಗುಡಿಯೊಳಗೆ ರುದ್ರಯ್ಯ ಮತ್ತು ಕವನ. ನಾನು ಹೊಸ್ತಿಲ ಹೊರಗೆ.

ರುದ್ರಯ್ಯ ಉಳಿ ಹಿಡಿದು ಅಷ್ಟಬಂಧ ಕೆತ್ತತೊಡಗಿದರು. ಅದರಲ್ಲಿ ಅರಗು ಇರುತ್ತದೆ. ಕೆತ್ತಿದಂತೆ ಅರಗಿನ ವಾಸನೆ ಬಂತು, ಗೊಂಬೆಗೆ ಅರಗು ಬಳಿಯಲು ಅಬ್ಬಾ, ನನ್ನ ತಂದೆ, ಕೂರುತ್ತಿದ್ದ ಚರಕಿಯ ಪಕ್ಕದ ಅದೇ ವಾಸನೆ. ಪ್ರತಿ ಪೆಟ್ಟಿಗೂ ರುದ್ರಯ್ಯ ಶಿವ ಎನ್ನುತ್ತಿದ್ದರು. ಹೊರಗೆ ಒಬ್ಬ ಹೆಂಗಸು ಅಳಲು ಶುರು ಮಾಡಿದಳು.

ಕಲ್ಲು ಒಮ್ಮೆಗೇ ಬಿಟ್ಟುಕೊಂಡು ರುದ್ರಯ್ಯನವರ ಎದೆಯ ಕಡೆ ವಾಲಿತು. ಕವನ ಕೂಗಿದಳು. ನಾನು ಒಳಗೆ ಹೋಗಿ ಎರಡೂ ಕೈಯಲ್ಲಿ ಹಿಡಿದೆ. ಚಪ್ಪಲಿ ಯಾವಾಗ ಬಿಟ್ಟೆನೋ ನೆನಪಿಲ್ಲ. ಭಾರವಿತ್ತು, ಎಣ್ಣೆಯಿಂದ ಜಾರುತ್ತಿತ್ತು. ಎತ್ತಿ ತಂದು ಹೊರಗೆ ಗೋಣಿಚೀಲದ ಮೇಲೆ ಇಟ್ಟೆ.

ಕವನ ಕೊಡದಿಂದ ನೀರು ಹೊಯ್ದಳು. ವಿಭೂತಿ, ಎಣ್ಣೆ, ಅರಗಿನ ಚಕ್ಕೆ ಎಲ್ಲ ಹೋಗಿ ತೋಡು ಬಿಸಿಲಿಗೆ ಬಂತು. ಊರಿನವರು ಬಗ್ಗಿ ನೋಡಿದರು. ಕ್ವಾರಿಯಲ್ಲಿ ಕೂಲಿ ಮಾಡಿದವರೇ ಅರ್ಧ ಜನ, ಯಾರಿಗೂ ವಿವರಿಸಬೇಕಾಗಲಿಲ್ಲ. ಒಬ್ಬೊಬ್ಬರಾಗಿ ಹಿಂದಕ್ಕೆ ಸರಿದರು.

ರುದ್ರಯ್ಯ ಸೊಸೆಯ ಮುಂದೆ ನಿಂತರು. "ಒಪ್ಪಿಗೆ ಕೊಟ್ಟೋನು ನಾನು ಕಣವ್ವ. ಕಂಪ್ಲೇಂಟ್‌ನಾಗೆ ಮೊದ್ಲು ನನ್ ಹೆಸ್ರು ಬರೆಸು."

ಅವಳು ಖಾಲಿ ಕೊಡವನ್ನು ಕೆಳಗಿಟ್ಟಳು.

"ಬರೆಸ್ತೀನಿ ಮಾವ."

ಮಾರ್ಚ್ 13

ವಿಡಿಯೊ ಬೆಳಿಗ್ಗೆಯಿಂದ ಸುತ್ತುತ್ತಿದೆ. ರುದ್ರಯ್ಯ ಅದರಲ್ಲಿಲ್ಲ, ಉಳಿ ಇಲ್ಲ, ತೋಡೂ ಇಲ್ಲ. ಗುಡಿಯೊಳಗಿಂದ ಲಿಂಗವನ್ನು ಎತ್ತಿಕೊಂಡು ಬರುವ ಗಡ್ಡದ ಮನುಷ್ಯನೊಬ್ಬ ಇದ್ದಾನೆ. ಕೆಳಗೆ ನನ್ನ ಹೆಸರು, ಬೀದಿಯ ಹೆಸರು.

ನಿರ್ದೇಶಕರು ಫೋನ್ ಮಾಡಿದರು. ಕೆಲವು ದಿನ ಬರಬೇಡಿ ಎಂದರು. ಪರಿಷ್ಕೃತ ವರದಿಗೆ ಆತುರವಿಲ್ಲ, ಕಳಿಸುವುದಾದರೆ ಯಾರ ಹೆಸರೂ ಬೇಡ, ಸಂಸ್ಥೆಯೆಂದೇ ಇರಲಿ ಎಂದರು. ಒಳ್ಳೆಯದಕ್ಕೇ ಹೇಳಿದರು.

ವರದಿ ಬರೆದೆ. ಕಲ್ಲಿನ ಹಿಂಬದಿಯಲ್ಲಿ ಡ್ರಿಲ್ ತೂತಿನ ಅರ್ಧಭಾಗವಿದೆ. ಅದರ ಅಗಲವನ್ನು ನಾನು ಅಳೆದಿದ್ದೇನೆ. ಸದರಿ ಕ್ವಾರಿಯಲ್ಲಿ ಬಳಸುವ ಡ್ರಿಲ್ಲಿಗೆ ಅದು ಹೊಂದುತ್ತದೆ. ಜನವರಿ 28ರಂದೇ ನಾನು ಇದನ್ನು ಕಂಡಿದ್ದೆ, ಬರೆಯಲಿಲ್ಲ. ಚಂದ್ರನ ಕುರಿತ ವಾಕ್ಯವನ್ನು ನಾನು ಹಿಂತೆಗೆದುಕೊಳ್ಳುತ್ತೇನೆ. ಕೆಳಗೆ ಹೆಸರು: ಸಮದ್. ಠಾಣೆಗೂ ತಾಲ್ಲೂಕು ಕಚೇರಿಗೂ ಕಳಿಸಿದ್ದಾಯಿತು.

ಉಪವಾಸ ಬಿಡುವ ಹೊತ್ತು. ಜಹೀದಾ ಖರ್ಜೂರದ ತಟ್ಟೆಯನ್ನು ನೆಲದ ಮೇಲಿಟ್ಟು ಕಿಟಕಿಗಳನ್ನು ಹಾಕಿದಳು. ಬೀದಿಯಲ್ಲಿ ಮೂರ್ನಾಲ್ಕು ಬೈಕು ಬಂದು ನಿಂತಿವೆ. ಯಾರೂ ಇಳಿದಿಲ್ಲ, ಇಂಜಿನ್ ಆರಿಸಿಲ್ಲ.

"ಲೈಟ್ ಹಾಕಬೇಡಿ," ಎಂದಳು.

ಹಾಕಿದೆ. ಇಷ್ಟು ಬರೆಯಲು ಬೆಳಕು ಬೇಕಿತ್ತು.